ಅರಿಶಿನ ಹಚ್ಚದ ಕಾಗದ

“ಇದು ನಿಮ್ ಸೈನ್ ಹೌದೋ ಅಲ್ವೋ, ಅಷ್ಟು ಹೇಳ್ಬುಡಿ ಸಾಕು.”

ಎಸ್.ಐ. ಶ್ರೀಲತಾ ಪ್ಲಾಸ್ಟಿಕ್ ಕವರಿನೊಳಗಿದ್ದ ಕಾಗದವನ್ನು ಮೇಜಿನ ಮೇಲಿಟ್ಟಳು. ಕೆಳಗಿನ ಎಡಮೂಲೆ ಸುಟ್ಟು ಹೋಗಿತ್ತು, ಉಳಿದದ್ದೆಲ್ಲ ನೆಟ್ಟಗಿತ್ತು. ಬೈರಣ್ಣನ ಲಾರಿ ಕಲ್ಯಾಣದುರ್ಗದ ಹೊರಗೆ ಸಿಡಿದು ಅಂದಿಗೆ ನಾಲ್ಕನೇ ದಿನ. ಬೈರಣ್ಣ ಆಸ್ಪತ್ರೆಯಲ್ಲಿ ಇನ್ನೂ ಮಾತಿಲ್ಲದೆ ಮಲಗಿದ್ದ. ಅವನ ಕ್ಯಾಬಿನ್ನಿನಲ್ಲಿ ಸಿಕ್ಕಿದ್ದು ಈ ಒಂದು ಹಾಳೆ.

ಆದಿಲಕ್ಷ್ಮಮ್ಮ ಕನ್ನಡಕ ಮೇಲೇರಿಸಿದಳು. ಹಿಂದೂಪುರದ ಜಯಮಂಗಲಿ ಲಾರಿ ಆಫೀಸಿನಲ್ಲಿ ಇಪ್ಪತ್ತೇಳು ವರ್ಷದಿಂದ ಅವಳದು ಅದೇ ಕುರ್ಚಿ, ಅದೇ ಕೆಲಸ. ಆಸಿಡ್ಡು, ಕಾರ್ಬೈಡು, ಸ್ಪಿರಿಟ್ಟು, ಇಂಥ ಅಪಾಯದ ಸರಕು ಹೊರಟರೆ ಅದರ ಜೊತೆ ಹೋಗುವ ಕಾಗದವನ್ನು ಅವಳೇ ಬರೆಯಬೇಕು, ಅವಳೇ ಸಹಿ ಹಾಕಬೇಕು. ಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲದ ಕಾಗದವೆಲ್ಲ ಪಕ್ಕದ ಮೇಜಿನ ರುದ್ರೇಶನ ಪಾಲು.

ಕಾಗದದಲ್ಲಿ ಮೂರೇ ಮಾತಿತ್ತು. ಸುಣ್ಣದ ಕಲ್ಲು. ಇಪ್ಪತ್ತನಾಲ್ಕು ಡ್ರಮ್ಮು. ಅಪಾಯವಿಲ್ಲದ ಸರಕು.

“ಸೈನು ನಂದಿದ್ದಂಗೇ ಐತೆ,” ಎಂದಳು. “ಕಾಗ್ದ ನಂದಲ್ಲ.”

“ಆ ಮಾತು ಕೋರ್ಟಿನಾಗೆ ನಡಿಯಲ್ಲ ಕಣಮ್ಮ. ಲ್ಯಾಬ್ ರಿಪೋರ್ಟ್ ಬರೋಕೆ ಹದಿನೈದು ದಿನ. ಇವತ್ತು ಸಾಯಂಕಾಲ ಐದಕ್ಕೆ ನಾನು ಮೇಲಿನ ಸಾಹೇಬ್ರಿಗೆ ಒಂದು ಹೆಸ್ರು ಕೊಡ್ಬೇಕು.”

“ಯಾರ್ ಹೆಸ್ರು ಕೊಡ್ತೀರಾ?”

“ಸೈನ್ ಯಾರ್ದೈತೋ ಅವರ್ದು.” ಶ್ರೀಲತಾ ರುದ್ರೇಶನ ಕಡೆ ಕಣ್ಣು ಹಾಯಿಸಿದಳು. “ಇಲ್ಲಾಂದ್ರೆ ಆಫೀಸಿನ ಸೀಲು ಯಾರ ಕೈಗೆ ಸಿಕ್ತದೋ ಅವರ್ದು.”

ರುದ್ರೇಶ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. ಅವನಿಗೂ ಆದಿಲಕ್ಷ್ಮಮ್ಮನಿಗೂ ಎಣ್ಣೆ ಸೀಗೇಕಾಯಿ. ಫ್ಯಾನಿನ ಸ್ವಿಚ್ಚಿನಿಂದ ಹಿಡಿದು ಕ್ಯಾಲೆಂಡರಿನ ಮೊಳೆಯವರೆಗೆ ಇಬ್ಬರಿಗೂ ಜಗಳ.

ಆದಿಲಕ್ಷ್ಮಮ್ಮ ಬೀರುವಿನಿಂದ ತನ್ನ ಪುಸ್ತಕ ತೆಗೆದು, ಆ ದಿನದ ಕಾರ್ಬನ್ ಪ್ರತಿ ಬಿಡಿಸಿ ಮುಂದಿಟ್ಟಳು. ಮೊದಲ ಸಾಲಿನಲ್ಲಿ ‘ಕ್ಯಾಲ್ಸಿಯಂ ಕಾರ್ಬೈಡ್’, ಪೂರ್ತಿ ಹೆಸರು. ಆಮೇಲೆ ಯು.ಎನ್. ಸಂಖ್ಯೆ ೧೪೦೨. ಆಮೇಲೆ ವರ್ಗ ೪.೩, ಅಂದರೆ ನೀರು ಸೋಕಿದರೆ ಹೊತ್ತಿ ಉರಿಯುವ ಗ್ಯಾಸು ಬಿಡುವ ಸರಕು. ಪ್ಯಾಕಿಂಗ್ ಗುಂಪು. ಮೂವತ್ತು ಡ್ರಮ್ಮು. ಕೊನೆಯಲ್ಲಿ ಹಗಲು ರಾತ್ರಿ ಎತ್ತುವ ಫೋನ್ ನಂಬರು.

“ಇದು ನಂದು,” ಎಂದಳು. “ತುಂಡು ಹೆಸ್ರು ಬರೆಯಂಗಿಲ್ಲ, ಅಂಗಡಿಯೋರು ಕರೆಯೋ ಹೆಸ್ರು ಬರೆಯಂಗಿಲ್ಲ. ಒಂದಾದ ಮೇಲೆ ಒಂದು, ಇದೇ ವರಸೆ. ಬೆಂಕಿ ಬಿದ್ದಾಗ ಯಾರೋ ಗೊತ್ತಿಲ್ದೋರು ಇದನ್ನ ಓದ್ತಾರೆ ಕಣಮ್ಮ. ಅವರಿಗೆ ಹುಡುಕೋಕೆ ಟೈಮಿರಲ್ಲ.”

ಅದನ್ನು ಹೇಳುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಹೆಂಗಸು ಎಂದು ಲಾರಿಯವರು ಬೈದುಕೊಳ್ಳುತ್ತಿದ್ದರು ನಿಜ. ಆದರೆ ಅವಳ ಕಾಗದ ಜೇಬಿನಲ್ಲಿದ್ದರೆ ಚೆಕ್‌ಪೋಸ್ಟಿನಲ್ಲಿ ಇಳಿಯುವ ಕೆಲಸವೇ ಇಲ್ಲ ಎನ್ನುವವರೂ ಅವರೇ.

ಶ್ರೀಲತಾ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. “ಹಂಗಾದ್ರೆ ಫ್ಯಾಕ್ಟರಿ ಗೇಟಿಗೆ ಒಂದು, ರೋಡಿಗೆ ಒಂದು ಅಂತ ಎರಡು ಬರೆದಿದೀರಾ ಅಂತಾರೆ. ಅದಿರ್ಲಿ, ನಿಮ್ಮ ಕಾಗ್ದದಾಗೆ ಮೂವತ್ತು ಡ್ರಮ್ಮು, ಇದ್ರಾಗೆ ಇಪ್ಪತ್ನಾಕು. ಸುಟ್ಟ ಲಾರಿನಾಗೂ ನಾವು ಎಣಿಸಿದ್ದು ಇಪ್ಪತ್ನಾಕೇ.”

“ಆರು ಡ್ರಮ್ಮು ಎಲ್ಲೋ ಇಳ್ದವೆ.”

“ಇದನ್ನ ಈಗಷ್ಟೇ ಕಂಡೆ ನಾನು,” ಎಂದು ಶ್ರೀಲತಾ ಬರೆದುಕೊಂಡಳು.

“ಬೆಂಕಿ ಆರಿಸೋಕೆ ಬಂದೋರು ಏನಂದ್ರು?”

“ಚಕ್ರದಾಗೆ ಸಣ್ಣ ಬೆಂಕಿ ಅಷ್ಟೆ ಅಂತೆ. ಫೈರ್‌ಮನ್ ಮುನೆಪ್ಪ ಕಾಗ್ದ ಇಸ್ಕೊಂಡು ಓದಿ, ಸುಣ್ಣ ತಾನೆ ಅಂತ ನೀರು ಬಿಟ್ಟ.” ಶ್ರೀಲತಾ ಬರೆಯುತ್ತಿದ್ದ ಪುಸ್ತಕ ಮುಚ್ಚಿದಳು. “ಒಂದು ಮಾತು ನಿಮಗೆ ಹೇಳಿರ್ಲಿಲ್ಲ. ಬೈರಣ್ಣ ಅಡ್ಡ ನಿಂತು ಕೂಗಿದ್ನಂತೆ, ‘ನೀಳ್ಳು ಪೋಯೊದ್ದು, ಕಾರ್ಬೈಡು’ ಅಂತ. ನೀರು ಹಾಕ್ಬೇಡಿ ಅಂತ. ಹೆದರಿ ಬಡಬಡಿಸ್ತಾನೆ ಅಂದ್ಕೊಂಡ್ರಂತೆ. ಕಾಗ್ದದಾಗೆ ಸುಣ್ಣ ಅಂತ ಇತ್ತಲ್ಲ.”

ಆದಿಲಕ್ಷ್ಮಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಎರಡು ಸಲ ಒರೆಸಿದಳು.

ಬೈರಣ್ಣನಿಗೆ ಅಕ್ಷರ ಬರದು. ಅದಕ್ಕೇ ಅವಳು ಪ್ರತಿ ಡ್ರೈವರನ್ನೂ ಎದುರಿಗೆ ನಿಲ್ಲಿಸಿಕೊಂಡು, ಕಾಗದವನ್ನು ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಓದಿ, ಅವನ ಬಾಯಿಂದ ತಿರುಗಿ ಹೇಳಿಸಿಯೇ ಕಳಿಸುತ್ತಿದ್ದಳು. “ಮಗ್ಗಿ ಒಪ್ಪಿಸೋಕೆ ಬಂದಿದೀನಾ ಅಕ್ಕಾ?” ಎಂದು ಅವನು ಗೊಣಗದ ದಿನವಿಲ್ಲ. ಅಂಥವನು ಬೆಂಕಿಯ ಮುಂದೆ ನಿಂತು ಒಂದಕ್ಷರ ಬಿಡದೆ ಒಪ್ಪಿಸಿದ್ದ.

“ನಾನು ಒಪ್ಪಿಸಿದ್ದು ಕಾರ್ಬೈಡು, ಅವನ್ ಹೇಳಿದ್ದೂ ಕಾರ್ಬೈಡು,” ಎಂದಳು. “ನಡುದಾರಿನಾಗೆ ಯಾರೋ ಕಾಗ್ದ ಬದಲಾಯಿಸವ್ರೆ. ಓದೋಕೆ ಬರದವನು, ನನ್ ಸೈನ್ ಗುರುತು ಹಿಡ್ದು ಇಸ್ಕೊಂಡವ್ನೆ.”

“ಯಾರು?”

ಅಷ್ಟರಲ್ಲಿ ಕೌಂಟರಿನಲ್ಲಿ ಮಾಲೀಕ ಪೆದ್ದಪ್ಪ ಮೆಣಸಿನಕಾಯಿ ಲಾರಿಯೊಂದನ್ನು ಕಳಿಸುತ್ತಿದ್ದ. ಹಿತ್ತಾಳೆ ಬಟ್ಟಲಿನ ಅರಿಶಿನದ ನೀರಿಗೆ ಹೆಬ್ಬೆರಳು ಅದ್ದಿ, ಕಾಗದದ ಮೇಲಿನ ಬಲಮೂಲೆಗೆ ಒತ್ತಿ, ಕಣ್ಣಿಗೊತ್ತಿಕೊಂಡು ಡ್ರೈವರಿಗೆ ಕೊಟ್ಟ. ಅವನ ಅಮ್ಮ ಹಾಕಿಕೊಟ್ಟ ಪದ್ಧತಿ. ದಿನಕ್ಕೆ ನಲವತ್ತು ಸಲ ನಡೆಯುವ ಇದನ್ನು ಆಫೀಸಿನಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಆದಿಲಕ್ಷ್ಮಮ್ಮ ಅಂದು ನೋಡಿದಳು. ಮತ್ತೆ ಸುಟ್ಟ ಕಾಗದದ ಬಲಮೂಲೆ ನೋಡಿದಳು.

“ರುದ್ರೇಶಾ,” ಎಂದು ಕೂಗಿದಳು. “ಒಂದು ಸುಣ್ಣದ ಕಾಗ್ದ ಬರಿ. ಇಪ್ಪತ್ನಾಕು ಡ್ರಮ್ಮು, ಕಲ್ಯಾಣದುರ್ಗಕ್ಕೆ.”

“ಯಾವ ಲಾರಿ?”

“ಯಾವ್ದಾದ್ರೂ ಹಾಕು. ಬರೆದು ಕೊಡು.”

ರುದ್ರೇಶ ಗೊಣಗುತ್ತಲೇ ಬರೆದ. ತನ್ನ ಸಹಿ ಗೀಚಿದ. ಸೀಲು ಒತ್ತಿದ. ಎದ್ದವನು ಆದಿಲಕ್ಷ್ಮಮ್ಮನ ಕಡೆ ಬರಲಿಲ್ಲ. ಯಾರೂ ಹೇಳದೆ ನೇರ ಪೆದ್ದಪ್ಪನ ಮುಂದೆ ಹೋಗಿ ಕಾಗದ ಹಿಡಿದ. ಪೆದ್ದಪ್ಪ ಹೆಬ್ಬೆರಳು ಒತ್ತಿದ. ಆಮೇಲೆ ಹಾಳೆ ಇವಳ ಮೇಜಿಗೆ ಬಂತು.

ಶ್ರೀಲತಾ ಹಳದಿ ಗುರುತನ್ನೇ ನೋಡುತ್ತಿದ್ದಳು. “ಎಲ್ಲಾ ಕಾಗ್ದಕ್ಕೂ ಹಚ್ತಾರಾ?”

“ನನ್ನವು ಬಿಟ್ಟು. ಹನ್ನೆರಡು ವರ್ಷದ ಹಿಂದೆ ಅರಿಶಿನ ಹರಿದು ಒಂದು ಅಂಕಿ ಮುಚ್ಚೋಯ್ತು. ಅವತ್ತಿಂದ ನನ್ ಕಾಗ್ದದ ಮ್ಯಾಲೆ ಅಕ್ಷರ ಬಿಟ್ಟು ಇನ್ನೇನೂ ಕೂಡ್ದು ಅಂತ ಯಜಮಾನ್ರ ಜೊತೆ ಜಗಳ ಆಡಿ ನಿಲ್ಲಿಸ್ದೆ. ನನ್ ಲಾರಿಗಳಿಗೆ ಸ್ಟೇರಿಂಗಿಗೆ ಹಚ್ತಾರೆ.” ಅವಳು ಸುಟ್ಟ ಕಾಗದದ ಮೇಲೆ ಬೆರಳಿಟ್ಟಳು. “ಸುಣ್ಣ ಅಂದ್ರೆ ಸಾದಾ ಸರಕು. ನಮ್ಮ ಆಫೀಸಿಂದ ಹೋಗಿದ್ರೆ ರುದ್ರೇಶನ ಸೈನಿರ್ಬೇಕು, ಅರಿಶಿನ ಇರ್ಬೇಕು. ಇದ್ರಾಗೆ ನನ್ ಸೈನೈತೆ, ಅರಿಶಿನ ಇಲ್ಲ. ಮಾಡಿದೋನು ನಮ್ಮ ಆಫೀಸಿನ ಸಾದಾ ಕಾಗ್ದ ಒಂದ್ಸಲಾನೂ ನೋಡಿದೋನಲ್ಲ. ನನ್ನವು ಮಾತ್ರ ನೋಡವ್ನೆ.”

“ರುದ್ರೇಶ್ ಅಲ್ಲ ಅಂತೀರಾ?”

“ಅವನು ಕೆಟ್ಟ ಸೋಮಾರಿ, ನನ್ ಕುರ್ಚಿ ಮ್ಯಾಲೆ ಕಣ್ಣೂ ಐತೆ. ಆದ್ರೆ ಸುಣ್ಣದ ಕಾಗ್ದ ಬರೆದು ಅರಿಶಿನ ಹಚ್ಚದೆ ಬಿಡೋದು ಅವನ ಕೈಲಿ ಆಗಲ್ಲ. ಈಗ ನೀವೇ ನೋಡಿದ್ರಲ್ಲ.”

ರುದ್ರೇಶ ಆ ಕಡೆ ತಿರುಗಿ ಸುಮ್ಮನೆ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಹೊಗಳಿದರೋ ಬೈದರೋ ಅವನಿಗೆ ತಿಳಿಯಲಿಲ್ಲ.

“ನಿಮ್ಮ ಕಾಗ್ದ ಮಾತ್ರ ನೋಡಿದ ಗಿರಾಕಿ ಯಾರವ್ರೆ?” ಶ್ರೀಲತಾಳ ದನಿ ಬದಲಾಗಿತ್ತು.

“ಬೇರೆ ಎಲ್ರೂ ಹುಣಸೆಹಣ್ಣೂ ತರಿಸ್ತಾರೆ, ಆಸಿಡ್ಡೂ ತರಿಸ್ತಾರೆ. ಒಬ್ಬನೇ ಒಬ್ಬ ಮೂರು ವರ್ಷದಿಂದ ಬರೀ ಕಾರ್ಬೈಡು ತರಿಸ್ತಾನೆ. ವೆಲ್ಡಿಂಗ್ ಗ್ಯಾಸಿನ ಅಂಗಡಿ ಅಂತ.”

“ಕಲ್ಯಾಣದುರ್ಗದ ಲಕ್ಷ್ಮೀಕಾಂತ್,” ಎಂದಳು ಶ್ರೀಲತಾ. “ಮೊನ್ನೆ ನನ್ ಮುಂದೆ ಕಣ್ಣೀರಾಕ್ದ. ಮಾಲು ಹೋಯ್ತು, ನಾನೇ ಮುಳುಗ್ದೆ ಅಂತ.”

“ಈಗ ಮಾವಿನ ಕಾಲ ಅಲ್ವಾ? ಕಾರ್ಬೈಡು ಇಟ್ಟು ಕಾಯಿ ಹಣ್ಣು ಮಾಡೋ ಗೋಡೌನ್‌ಗಳ ಮ್ಯಾಲೆ ರೈಡು ನಡೀತೈತೆ. ಕಾರ್ಬೈಡು ಅಂತ ಹೋದ್ರೆ ಸಿಕ್ಕಾಕ್ಕೊಂತದೆ. ಸುಣ್ಣ ಅಂತ ಹೋದ್ರೆ ಯಾರ್ ಕೇಳ್ತಾರೆ? ಆರು ಡ್ರಮ್ಮು ಇಳಿಸ್ಕೊಂಡು, ಉಳಿದಿದ್ದನ್ನ ಸುಣ್ಣದ ಕಾಗ್ದ ಕೊಟ್ಟು ಅದೇ ಲಾರಿನಾಗೆ ಆ ಗೋಡೌನಿಗೆ ಅಟ್ಟವ್ನೆ.”

ಅವಳು ಅರಿಶಿನ ಹಚ್ಚಿದ ಹೊಸ ಕಾಗದವನ್ನು ಮಡಿಸದೆ ಫೈಲಿನಲ್ಲಿಟ್ಟುಕೊಂಡು ಎದ್ದಳು. “ನಡೀರಿ ಮೇಡಮ್ಮ. ನಾನೂ ಬತ್ತೀನಿ.”

* * *

ಕಲ್ಯಾಣದುರ್ಗ ಮುಟ್ಟುವಾಗ ಮಧ್ಯಾಹ್ನ ಒಂದು ದಾಟಿತ್ತು. ಲಕ್ಷ್ಮೀಕಾಂತ್ ಕೈಮುಗಿದೇ ಎದುರು ಬಂದ. ಬಿಳಿ ಷರಟು, ಹಣೆಯ ತುಂಬ ವಿಭೂತಿ, ಬಾಯಿ ತುಂಬ ಸಕ್ಕರೆ.

“ಕೂಚೋಂಡಿ, ಕೂತ್ಕೊಳ್ಳಿ ಮೇಡಮ್. ಆದಿಲಕ್ಷ್ಮಮ್ಮನೋರೂ ಬಂದವ್ರೆ, ನಮ್ ಪುಣ್ಯ. ಇಷ್ಟು ವರ್ಷ ಸೈನ್ ನೋಡಿದ್ದೇ ಆಯ್ತು, ಮನುಷ್ಯರನ್ನ ನೋಡಿದ್ದು ಇವತ್ತೇ.” ಅವನು ದನಿ ಇಳಿಸಿದ. “ವಯಸ್ಸಾಯ್ತು, ತಪ್ಪಾಗ್ತದೆ ಬಿಡಮ್ಮಾ. ಬೈರಣ್ಣನ ಆಸ್ಪತ್ರೆ ಖರ್ಚು ನಾನೇ ನೋಡ್ಕೊಂತೀನಿ.”

ಆದಿಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿಯಿತು. ಗೋಡೆಯ ಪಕ್ಕದ ರ‍್ಯಾಕಿನಲ್ಲಿ ಮೂರು ವರ್ಷದ ಅವಳ ಕಾಗದಗಳು ಫೈಲಿನಲ್ಲಿ ಸಾಲಾಗಿದ್ದವು, ಒಂದೊಂದೂ ಬೆಳ್ಳಗೆ. ಅವಳು ತನ್ನ ಫೈಲು ತೆರೆದು ರುದ್ರೇಶ ಬರೆದ ಹಾಳೆಯನ್ನು ಲಕ್ಷ್ಮೀಕಾಂತನ ಮುಂದಿಟ್ಟಳು.

“ಇದನ್ನ ಒಂಚೂರು ನೋಡಪ್ಪ. ಸರಿ ಐತಾ?”

ಲಕ್ಷ್ಮೀಕಾಂತ್ ಎರಡು ಬೆರಳಲ್ಲಿ ಹಿಡಿದು ನೋಡಿದ. ಮೂಗು ಮುರಿದ. ಹಳದಿ ಗುರುತಿನ ಮೇಲೆ ಉಗುರಿನಿಂದ ಕೆರೆದ.

“ಇದೇನಮ್ಮಾ, ಚಿತ್ರಾನ್ನ ತಿಂದ ಕೈಯಲ್ಲಿ ಬರೆದ್ರಾ? ಇದು ನಿಮ್ ಆಫೀಸಿನ್ದಲ್ಲ. ನಿಮ್ ಕಾಗ್ದ ಎಷ್ಟು ನೀಟಾಗಿರ್ತದೆ. ಯಾರೋ ಡೂಪ್ಲಿಕೇಟ್ ಮಾಡವ್ರೆ.”

ಶ್ರೀಲತಾ ಆದಿಲಕ್ಷ್ಮಮ್ಮನ ಮುಖ ನೋಡಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

“ಅದೇ ಕಣಪ್ಪ ನಮ್ಮ ಆಫೀಸಿನ ಅಸಲಿ ಸುಣ್ಣದ ಕಾಗ್ದ,” ಎಂದಳು ಆದಿಲಕ್ಷ್ಮಮ್ಮ. “ಸಾದಾ ಸರಕಿಗೆಲ್ಲ ಅರಿಶಿನ ಹಚ್ಚೇ ಕಳ್ಸೋದು. ಹಿಂದೂಪುರದಾಗೆ ಬೀದಿ ದನಕ್ಕೂ ಗೊತ್ತು. ನೀನೊಬ್ಬ ನನ್ ಕಾಗ್ದ ಮಾತ್ರ ನೋಡ್ಕೊಂಡು ಕೂತಿದ್ದೆ. ಅದ್ಕೇ ಸುಣ್ಣಕ್ಕೆ ನನ್ ಸೈನ್ ಅಂಟಿಸ್ದೆ, ಅರಿಶಿನ ಬಿಟ್ಬುಟ್ಟೆ. ಇಪ್ಪತ್ತೇಳು ವರ್ಷದಾಗೆ ನಾನು ಒಂದು ಸಾದಾ ಕಾಗ್ದಕ್ಕೆ ಸೈನ್ ಹಾಕಿದವಳಲ್ಲ.”

ಲಕ್ಷ್ಮೀಕಾಂತನ ಬಾಯಿಯ ಸಕ್ಕರೆ ಕರಗಿತು. “ಅರಿಶಿನ ಇಲ್ಲ ಅಂತ ಕೇಸ್ ಹಾಕ್ತೀರಾ ಮೇಡಮ್? ನಗ್ತಾರೆ.”

“ನಗ್ಲಿ ಬಿಡಿ,” ಎಂದಳು ಶ್ರೀಲತಾ. “ಆರು ಡ್ರಮ್ಮು ಎಲ್ಲವೆ?”

ಗೋಡೌನ್ ಗುಡಿಸುವ ಚೌಡಕ್ಕ ಆಗ ತಾನೇ ಮಜ್ಜಿಗೆಯ ಲೋಟ ತಂದು ಮೇಜಿನ ಮೇಲಿಡುತ್ತಿದ್ದಳು. ಮಾತು ಕಿವಿಗೆ ಬಿತ್ತು.

“ಆ ಸುಣ್ಣದ ಡ್ರಮ್ಮಾ?” ಎಂದಳು ಮುಗ್ಧವಾಗಿ. “ಅವನ್ನ ಬೆಳಿಗ್ಗೆನೇ ನಮ್ ತಮ್ಮ ಬೋರಪ್ಪ ಆಟೋದಾಗೆ ಹಾಕ್ಕೊಂಡೋದ. ಬೆಳುಗುಪ್ಪದ ಕಡೆ ಇಸ್ಕೂಲಿನ ಗೋಡೆಗೆ ಸುಣ್ಣ ಹೊಡೀತಾವ್ನೆ. ಹೆಂಗೂ ನೀವೇ ತಾನೆ ಯಜಮಾನ್ರೇ, ಮೊದ್ಲು ಇವನ್ನ ಇಲ್ಲಿಂದ ಸಾಗಿಸು ಅಂದಿದ್ದು? ಡ್ರಮ್ಮಿನ ಜೊತೆ ಇದ್ದ ಕಾಗ್ದಾನೂ ಕೊಟ್ಟು ಕಳ್ಸಿದೀನಿ.”

ಲಕ್ಷ್ಮೀಕಾಂತನ ಮುಖ ಹಣೆಯ ವಿಭೂತಿಯ ಬಣ್ಣಕ್ಕೆ ತಿರುಗಿತು. ಊರಾಚೆ ಎಲ್ಲಾದರೂ ಎಸೆದು ಬರಲಿ ಎಂದು ಅವನು ಹೇಳಿದ್ದ. ಎಂದೂ ಏನನ್ನೂ ಎಸೆಯದ ಚೌಡಕ್ಕ ತಮ್ಮನಿಗೆ ಉಪಕಾರ ಮಾಡಿದ್ದಳು.

ಆದಿಲಕ್ಷ್ಮಮ್ಮನಿಗೆ ಮುಂದಿನದು ಕಣ್ಣಿಗೆ ಕಟ್ಟಿತು. ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕುದಿಯುತ್ತದೆ, ಬುಸುಗುಡುತ್ತದೆ. ಕಾರ್ಬೈಡು ಬುಸುಗುಟ್ಟಿದರೂ ಸುಣ್ಣ ಹೊಡೆಯುವವರು ಹೆದರುವುದಿಲ್ಲ. ಸುತ್ತ ನಿಂತು ನೋಡುತ್ತಾರೆ. ಯಾರಾದರೊಬ್ಬ ಬೀಡಿ ಹಚ್ಚುತ್ತಾನೆ.

“ಫೋನ್ ಹಚ್ಚು ಚೌಡಕ್ಕ. ಈಗ್ಲೇ.”

ಶ್ರೀಲತಾ ಆಗಲೇ ತನ್ನ ಫೋನಿನಲ್ಲಿ ಬೆಳುಗುಪ್ಪದ ಠಾಣೆಗೆ ಕರೆ ಮಾಡುತ್ತ ಬಾಗಿಲ ಕಡೆ ಓಡಿದ್ದಳು. ಚೌಡಕ್ಕ ತಮ್ಮನ ನಂಬರು ಒತ್ತಿ ಫೋನನ್ನು ಆದಿಲಕ್ಷ್ಮಮ್ಮನ ಕೈಗೆ ಕೊಟ್ಟಳು.

“ಬೋರಪ್ಪಾ, ಆ ಡ್ರಮ್ಮಿಗೆ ನೀರು ಹಾಕ್ಬೇಡ. ಅದು ಸುಣ್ಣ ಅಲ್ಲ.”

“ಯಾರಮ್ಮಾ ನೀನು?” ಹಿಂದೆ ಮಕ್ಕಳ ಗಲಾಟೆ, ತಟ್ಟೆಗಳ ಸದ್ದು ಕೇಳಿಸುತ್ತಿತ್ತು. “ಎರಡು ಡ್ರಮ್ಮಿನ ಮುಚ್ಚಳ ತೆಗೆದಿವ್ನಿ. ಇಸ್ಕೂಲ್ ಮಕ್ಳು ಊಟಕ್ಕೆ ಕೂತವ್ರೆ, ಅವ್ರು ಎದ್ದೇಳೋದ್ರಾಗೆ ಸುಣ್ಣ ಅರಳಿಸ್ಬೇಕು.”

“ನಾನು ಹಿಂದೂಪುರದ ಆದಿಲಕ್ಷ್ಮಮ್ಮ.”

“ಆಯಮ್ಮನ ಸೈನಿರೋ ಕಾಗ್ದ ನನ್ ಜೇಬಿನಾಗೇ ಐತಲ್ಲ. ನಾನೂ ಆರು ವರ್ಷ ಲಾರಿ ಮ್ಯಾಲೆ ಕ್ಲೀನರ್ ಆಗಿದ್ದೋನು. ಆಯಮ್ಮ ಬರೆದ್ಲು ಅಂದ್ರೆ ಬರೆದಂಗೇ. ಸುಣ್ಣ ಅಂತ ಬರೆದವ್ಳೆ.”

“ಅದು ನನ್ ಸೈನಲ್ಲ ಕಣಪ್ಪ, ಯಾರೋ ಕಳ್ಳ ಸೈನ್...”

“ಏನಾರ ಹೆಚ್ಚುಕಮ್ಮಿ ಆದ್ರೆ ಎಲ್ರೂ ನನ್ ಸೈನಲ್ಲ ಅಂತಾರೆ. ಆಯಮ್ಮ ಹಂಗನ್ನೋಳಲ್ಲ. ನೀನು ಆಯಮ್ಮಾನೂ ಅಲ್ಲ. ಇಡಮ್ಮಾ ಫೋನು, ಕೆಲ್ಸ ಐತೆ.” ಅವನ ದನಿ ದೂರವಾಯಿತು. “ಏಯ್, ಬಿಂದಿಗೆ ಎತ್ಕೊಳ್ರಲಾ.”

ಅವಳ ಹೆಸರೇ ಅವಳಿಗೆ ಅಡ್ಡ ನಿಂತಿತ್ತು. ಅಷ್ಟು ವರ್ಷ ಜತನದಿಂದ ಕಟ್ಟಿದ ಹೆಸರು; ಯಾರೂ ಅನುಮಾನಿಸದ ಹಾಗೆ ಕಟ್ಟಿದ್ದಳು. ಅದನ್ನು ಒಡೆಯದೆ ಆ ಬಿಂದಿಗೆ ಕೆಳಗಿಳಿಯುವಂತಿರಲಿಲ್ಲ. ಒಡೆಯುವ ಅಧಿಕಾರ ಇದ್ದದ್ದೂ ಅವಳೊಬ್ಬಳಿಗೇ.

“ಬೋರಪ್ಪಾ, ನಿಲ್ಲು,” ಎಂದಳು. ದನಿ ಅಂಗಡಿಯ ಹೊರಗೂ ಕೇಳಿಸಿತು. “ಸೈನ್ ನಂದೇ. ನಾನೇ ತಪ್ಪು ಬರೆದೆ. ಕಾರ್ಬೈಡನ್ನ ಸುಣ್ಣ ಅಂತ ಬರೆದ್ಬುಟ್ಟೆ. ಬೈರಣ್ಣನ ಲಾರಿ ಸಿಡಿದಿದ್ದೂ ಅದಕ್ಕೇ. ನಂದೇ ತಪ್ಪು. ನೀರು ಹುಯ್ಯಬೇಡ.”

ಆಮೇಲೆ ಬೋರಪ್ಪನ ಕೂಗು ಕೇಳಿತು. “ನಿಲ್ಸ್ರಲಾ. ಬಿಂದಿಗೆ ಕೆಳಗಿಡ್ರಲಾ. ಬೀಡಿ ಬಿಸಾಕು, ಅತ್ಲಾಗೆ ಹೋಗಿ ಬಿಸಾಕು.”

“ನಾನು ಹೇಳಿದ್ದನ್ನ ತಿರುಗಿ ಹೇಳು.”

“ಕಾರ್ಬೈಡು. ನೀರು ಸೋಕಿಸಂಗಿಲ್ಲ.” ಅವನು ಉಸಿರೆಳೆದುಕೊಂಡ. “ನಿಜ್ವಾಗ್ಲೂ ನೀನೇ ಕಣಮ್ಮ.”

“ಮಕ್ಳನ್ನ ದೂರ ಕಳ್ಸು. ನಾನು ಬರೋಗಂಟ ಮುಟ್ಬೇಡ.”

ಅವಳು ಫೋನನ್ನು ಚೌಡಕ್ಕನಿಗೆ ತಿರುಗಿ ಕೊಟ್ಟಳು. ಅವಳಿಗೆ ಒಂದು ಚೂರೂ ನಾಚಿಕೆಯಾಗಲಿಲ್ಲ. ಅಷ್ಟೂ ವರ್ಷದಲ್ಲಿ ತಾನು ಆಡಿದ ಒಂದೇ ಸುಳ್ಳು ಇದು, ಒಳ್ಳೆಯದಕ್ಕೇ ಆಡಿದೆ ಎನ್ನಿಸಿತು.

ತಲೆಯೆತ್ತಿದರೆ ಲಕ್ಷ್ಮೀಕಾಂತ್ ತನ್ನ ಫೋನನ್ನು ಬಾಯಿಯ ಹತ್ತಿರವಲ್ಲ, ಅವಳ ಕಡೆಗೆ ಚಾಚಿ ಹಿಡಿದಿದ್ದ. ಹೆಬ್ಬೆರಳು ಎತ್ತಿದ. ವಾಯ್ಸ್ ಮೆಸೇಜ್ ಹೋದ ಸಣ್ಣ ಸದ್ದು ಬಂತು.

“ಒಪ್ಕೊಂಡ್ರಲ್ಲ ಅಮ್ಮಾ,” ಎಂದ. ಸಕ್ಕರೆ ಮತ್ತೆ ಬಾಯಿಗೆ ಬಂದಿತ್ತು. “ಯಾರಿಗೆ ಮುಟ್ಬೇಕೋ ಅವರಿಗೆ ಮುಟ್ಸಿದೀನಿ.”

“ಇನ್ನೊಂದ್ಸಲ ಬೇಕಾದ್ರೂ ಹೇಳ್ತೀನಿ, ತುಂಬಿಸ್ಕೋ,” ಎಂದಳು ಆದಿಲಕ್ಷ್ಮಮ್ಮ. “ಮಕ್ಳು ಊಟ ಮಾಡಿ ಎದ್ದೇಳ್ತಾರಲ್ಲ, ಅಷ್ಟೇ ಸಾಕು ನಂಗೆ.”

ಬಾಗಿಲಲ್ಲಿ ಶ್ರೀಲತಾಳ ಫೋನ್ ಹೊಡೆದುಕೊಂಡಿತು. “ಸರ್,” ಎಂದಳು. “ಸರ್, ಅದು ಆ ಮಕ್ಳನ್ನ ಉಳ್ಸೋಕೆ... ಸರ್.” ಫೋನ್ ಜೇಬಿಗೆ ಹಾಕಿ, ಆದಿಲಕ್ಷ್ಮಮ್ಮನ ತೋಳು ಹಿಡಿದು ಅಂಗಡಿಯಿಂದ ಆಚೆ, ಜೀಪಿನ ಹತ್ತಿರ ಕರೆತಂದಳು.

“ಮೇಲಿನ ಸಾಹೇಬ್ರು. ಹೆಸ್ರು ಸಿಕ್ತಲ್ಲ, ಐದು ಗಂಟೆತನಕ ಯಾಕೆ ಕಾಯ್ತೀಯಾ, ಅವಳನ್ನ ಕರ್ಕೊಂಡು ಬಾ ಅಂದ್ರು.”

“ಬತ್ತೀನಿ. ಮೊದ್ಲು ಬೆಳುಗುಪ್ಪ. ಬಾಯಿ ತೆಗೆದ ಡ್ರಮ್ಮು ಮುಚ್ಚೋದು ಬೋರಪ್ಪನಿಗೆ ಗೊತ್ತಿಲ್ಲ.”

“ಬೆಳುಗುಪ್ಪಕ್ಕೆ ಹೋಗ್ಬೇಡ ಅಂದವ್ರೆ.” ಶ್ರೀಲತಾ ಅಂಗಡಿಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದಳು. “ಆ ಆರು ಡ್ರಮ್ಮಿನ ಮಾತು ಎಲ್ಲೂ ಬರೀಬೇಡ ಅಂದ್ರು. ಆರು ಅನ್ನೋದು ನನಗೇ ಗೊತ್ತಾಗಿದ್ದು ಬೆಳಿಗ್ಗೆ ನಿಮ್ಮ ಮೇಜಿನ ಮ್ಯಾಲೆ. ಅವರಿಗೆ ನಾನಿನ್ನೂ ಹೇಳೇ ಇಲ್ಲ.”

“ಹಂಗಾದ್ರೆ ಅವರಿಗೆ ಹೇಳಿದೋನು ಅಂಗಡಿ ಒಳಗೇ ಅವ್ನೆ,” ಎಂದಳು ಆದಿಲಕ್ಷ್ಮಮ್ಮ.

“ಹತ್ತಿ ಅಮ್ಮ,” ಎಂದಳು ಶ್ರೀಲತಾ. “ಯಾವ ಕಡೆಗೆ ಅಂತ ಹತ್ತಿದ ಮೇಲೆ ಹೇಳ್ತೀನಿ.”